ಹಸಿರಿನೊಳಗಿನ ಗೆರೆಗಳು

ಐರ್ಲೆಂಡಿನ ಪಶ್ಚಿಮ ಅಂಚಿನ ಮೇಯೋ ಸೀಮೆಯಲ್ಲಿ ಆಕಿಲ್ ಎಂಬ ದ್ವೀಪವಿದೆ. ದ್ವೀಪವೆಂದರೂ ಸೇತುವೆ ದಾಟಿ ಕಾರಿನಲ್ಲೇ ಹೋಗಬಹುದು. ಅಲ್ಲಿನ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಎಂಬತ್ತರಿಂದ ನೂರರಷ್ಟು ಕಲ್ಲುಮನೆಗಳು ಉದ್ದಕ್ಕೆ ನಿಂತಿವೆ. ಯಾವುದಕ್ಕೂ ಸೂರಿಲ್ಲ. ಕೆಲವು ಗೋಡೆ ಎದೆಮಟ್ಟ, ಕೆಲವು ಮೊಣಕಾಲುಮಟ್ಟ. ಒಳಗೆಲ್ಲ ಹುಲ್ಲು, ಹುಲ್ಲಿನ ಮೇಲೆ ಕುರಿ. ಬಂದವರು ಗೋಡೆಗಳ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೋಡಬೇಕಾದದ್ದು ಮನೆಗಳ ಅಕ್ಕಪಕ್ಕದ ಇಳಿಜಾರು. ಬಿಸಿಲು ಓರೆಯಾಗುತ್ತಿದ್ದಂತೆ ಅಲ್ಲಿ ಹಸಿರಿನ ಕೆಳಗಿಂದ ಗೆರೆಗಳು ಎದ್ದು ಕಾಣತೊಡಗುತ್ತವೆ. ಒಂದು ಏರು, ಪಕ್ಕದಲ್ಲಿ ಒಂದು ತಗ್ಗು, ಮತ್ತೆ ಏರು, ಮತ್ತೆ ತಗ್ಗು. ಬೆಟ್ಟದ ಮೇಲಕ್ಕೆ, ಇಲ್ಲಿ ಯಾರು ಬೆಳೆ ಇಟ್ಟಾರು ಎನ್ನಿಸುವಷ್ಟು ಕಡಿದಾದ ಜಾಗದವರೆಗೂ.

ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಹಾಸನ ಸೀಮೆಯವಳು. ಮುಂಗಾರು ಹಿಡಿಯುತ್ತಿದ್ದಂತೆ ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆ ಗೆಡ್ಡೆಗಾಗಿ ಅಪ್ಪ ಮಾರುಕಟ್ಟೆಗೆ ಹೋಗಿ ಕಾಯುತ್ತಿದ್ದುದನ್ನು ನೋಡುತ್ತ ಬೆಳೆದವಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಸ್ಲೀವ್‌ಮೋರಿನ ಆ ಗೆರೆಗಳು ಆಲೂಗೆಡ್ಡೆಯ ಏರುಮಡಿಗಳು. ನೇಗಿಲು ಹೋಗದ ಜಾಗದಲ್ಲಿ ಸನಿಕೆಯಿಂದ ಎರಡೂ ಕಡೆಯ ಹುಲ್ಲುಹೆಂಟೆ ಎತ್ತಿ ಮಗುಚಿ, ನಡುವೆ ಕಡಲಪಾಚಿಯ ಗೊಬ್ಬರ ಹಾಕಿ, ನೀರು ಹರಿಯಲೆಂದು ಪಕ್ಕದಲ್ಲಿ ಕಾಲುವೆ ಬಿಟ್ಟು ಕಟ್ಟಿದ ಮಡಿಗಳು. ಬಿತ್ತಿದವರು ಹೋಗಿ ತಲೆಮಾರುಗಳೇ ಕಳೆದರೂ ಮಡಿಗಳು ಅಳಿಸಿಲ್ಲ.

ಡಬ್ಲಿನ್ನಿನಲ್ಲಿರುವ ಮಗಳ ಮನೆಗೆಂದು ಹೊರಟಾಗ ನೆಂಟರಿಷ್ಟರು ಹೇಳಿಕಳಿಸಿದ್ದು ಒಂದೇ ಮಾತು: “ಅಲ್ಲಿ ಎಲ್ಲ ಹಸಿರಂತೆ, ಜನವೇ ಇಲ್ಲವಂತೆ.” ಎರಡೂ ನಿಜ. ಇಡೀ ಐರ್ಲೆಂಡ್ ದ್ವೀಪ ಕರ್ನಾಟಕದ ಅರ್ಧದಷ್ಟೂ ಇಲ್ಲ, ಸುಮಾರು 84,000 ಚದರ ಕಿಲೋಮೀಟರ್. ಐರ್ಲೆಂಡ್ ಗಣರಾಜ್ಯವನ್ನೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡನ್ನೂ ಒಟ್ಟುಗೂಡಿಸಿದರೆ ಇವತ್ತಿನ ಜನಸಂಖ್ಯೆ ಎಪ್ಪತ್ತು ಲಕ್ಷದ ಆಸುಪಾಸು. ಆದರೆ 1841ರ ಜನಗಣತಿಯಲ್ಲಿ ಇದೇ ನೆಲದ ಮೇಲೆ 80 ಲಕ್ಷಕ್ಕೂ ಹೆಚ್ಚು ಜನರಿದ್ದರು. ನೂರೆಂಬತ್ತು ವರ್ಷ ಕಳೆದರೂ ಆ ಸಂಖ್ಯೆ ಮತ್ತೆ ತುಂಬಿಲ್ಲ. ಯೂರೋಪಿನಲ್ಲಿ ಹೀಗಾದ ದೇಶ ಇನ್ನೊಂದು ಸಿಗುವುದು ಕಷ್ಟ. ಹಸಿರು ಮತ್ತು ನಿರ್ಜನತೆ, ಇವೆರಡರ ನಡುವೆ ನಂಟಿದೆ. ಅದನ್ನು ತಿಳಿದುಕೊಂಡು ಹೋದರೆ ಐರ್ಲೆಂಡಿನ ಪ್ರವಾಸವೇ ಬೇರೆಯಾಗುತ್ತದೆ.

ಪಿರಮಿಡ್ಡಿಗಿಂತ ಹಳೆಯ ಬೆಳಕು

ಡಬ್ಲಿನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟ್ರಿನಿಟಿ ಕಾಲೇಜಿನಲ್ಲಿ ಸುಮಾರು ಕ್ರಿ.ಶ. 800ರ ಕಾಲದ ‘ಬುಕ್ ಆಫ್ ಕೆಲ್ಸ್’ ಇದೆ, ಕರುವಿನ ಚರ್ಮದ ಹಾಳೆಗಳ ಮೇಲೆ ಸನ್ಯಾಸಿಗಳು ಬಣ್ಣದಲ್ಲಿ ಬರೆದ ಬೈಬಲ್ಲಿನ ಸುವಾರ್ತೆಗಳು. ಲಿಫಿ ನದಿಯ ದಂಡೆಯಲ್ಲಿ ರೋವನ್ ಗಿಲೆಸ್ಪಿ ಮಾಡಿದ ಕಂಚಿನ ಪ್ರತಿಮೆಗಳಿವೆ. ಗಂಟುಮೂಟೆ ಅವಚಿಕೊಂಡು ಬಂದರಿನ ಕಡೆ ಕಾಲೆಳೆಯುವ ಬಡಕಲು ಜನ. ಅವರು ಯಾರು, ಎಲ್ಲಿಂದ ಬಂದವರು ಎಂಬುದಕ್ಕೆ ಉತ್ತರ ಸಿಗುವುದು ಪಶ್ಚಿಮಕ್ಕೆ ಹೋದಮೇಲೆ.

ಡಬ್ಲಿನ್ನಿನಿಂದ ಒಂದು ಗಂಟೆಯ ದಾರಿಯ ನ್ಯೂಗ್ರೇಂಜನ್ನು ಮಾತ್ರ ಬಿಡಬಾರದು. ಬಾಯ್ನ್ ನದಿಯ ಕಣಿವೆಯಲ್ಲಿರುವ ಈ ಸಮಾಧಿದಿಬ್ಬ ಸುಮಾರು ಕ್ರಿ.ಪೂ. 3200ರದ್ದು, ಈಜಿಪ್ಟಿನ ದೊಡ್ಡ ಪಿರಮಿಡ್ಡಿಗಿಂತ ಆರು ಶತಮಾನದಷ್ಟು ಹಳೆಯದು. ಹತ್ತೊಂಬತ್ತು ಮೀಟರ್ ಉದ್ದದ ಓಣಿಯಲ್ಲಿ ಅಡ್ಡಡ್ಡ ತಿರುಗಿ ನುಸುಳಿಕೊಂಡು ಹೋದರೆ ಕೊನೆಯಲ್ಲೊಂದು ಗರ್ಭಗುಡಿಯಂಥ ಕೋಣೆ. ಬಾಗಿಲ ಮೇಲೊಂದು ಸಣ್ಣ ಕಿಂಡಿಯಿದೆ. ಡಿಸೆಂಬರ್ 21ರ ಆಸುಪಾಸು, ವರ್ಷದ ಅತಿ ಸಣ್ಣ ಹಗಲಿನಲ್ಲಿ, ಸೂರ್ಯ ಹುಟ್ಟಿದಾಗ ಆ ಕಿಂಡಿಯಿಂದ ಬಂದ ಬೆಳಕು ಓಣಿಯುದ್ದಕ್ಕೂ ತೆವಳಿ ಕೋಣೆಯ ನೆಲ ಮುಟ್ಟುತ್ತದೆ, ಹದಿನೇಳು ನಿಮಿಷ ಇದ್ದು ಹೋಗುತ್ತದೆ. ಹಳ್ಳಿಯವರ ಬಾಯಲ್ಲಿದ್ದ ಈ ಮಾತನ್ನು ಪರೀಕ್ಷಿಸಲು 1967ರಲ್ಲಿ ಒಳಗೆ ಕೂತು ಕಾದವರು ಪುರಾತತ್ವಜ್ಞ ಮೈಕೆಲ್ ಒ’ಕೆಲಿ. ಈಗ ಆ ಬೆಳಗಿಗೆ ಒಳಗೆ ಕೂರಲು ಲಾಟರಿ ಎತ್ತುತ್ತಾರೆ. ಉಳಿದ ದಿನ ಬಂದವರಿಗೆ ದೀಪ ಆರಿಸಿ ವಿದ್ಯುತ್ ಬೆಳಕಿನಲ್ಲೇ ಅದನ್ನು ಮಾಡಿ ತೋರಿಸುತ್ತಾರೆ. ಬೆಳಕು ನಕಲಿಯೆಂದು ಗೊತ್ತಿದ್ದೂ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಐದು ಸಾವಿರ ವರ್ಷ ಐರಿಷ್ ಮಳೆ ಬಿದ್ದರೂ ಆ ಕಲ್ಲಿನ ಚಾವಣಿ ಸೋರಿಲ್ಲ ಎಂದು ಮಾರ್ಗದರ್ಶಿ ಹೇಳಿದಾಗ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ನಮ್ಮ ಯಜಮಾನರು ತಲೆಯೆತ್ತಿ ಚಾವಣಿಯನ್ನು ಬಹಳ ಹೊತ್ತು ನೋಡಿದರು.

ಕಲ್ಲು ಆರಿಸಿ ಕಟ್ಟಿದ ನೆಲ

ಪಶ್ಚಿಮ ಕರಾವಳಿಯ ಕ್ಲೇರ್ ಸೀಮೆಯಲ್ಲಿ ಎಲ್ಲ ಬಸ್ಸುಗಳೂ ನಿಲ್ಲುವುದು ಮೋಹರ್ ಕಡಿಬಂಡೆಗಳ ಹತ್ತಿರ. ಅಟ್ಲಾಂಟಿಕ್ ಸಾಗರದಿಂದ ನೆಟ್ಟಗೆ 214 ಮೀಟರಿನವರೆಗೆ ಎದ್ದ ಗೋಡೆ. ಏಪ್ರಿಲ್‌ನಿಂದ ಜುಲೈವರೆಗೆ ಅದರ ಸಂದುಗಳಲ್ಲಿ ಕಿತ್ತಳೆ ಕೊಕ್ಕಿನ ಪಫಿನ್ ಹಕ್ಕಿಗಳು ಮರಿ ಮಾಡುತ್ತವೆ. ನೋಡಲೇಬೇಕು, ಆದರೆ ಬೇಗ ಎದ್ದು ಬೆಳಗ್ಗೆಯೇ ನೋಡಿ ಮುಗಿಸಿ. ಉಳಿದ ದಿನವನ್ನು ಪಕ್ಕದ ಬರೆನ್ ಬಯಲಿಗೆ ಇಟ್ಟುಕೊಳ್ಳಿ.

ಬರೆನ್ ಎಂದರೆ ಸುಣ್ಣಕಲ್ಲಿನ ಬೂದು ಬಯಲು. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದ ತಳವಾಗಿದ್ದದ್ದು. ಕಾಲಡಿಯ ಬಂಡೆಯಲ್ಲೇ ಹವಳದ ಅಚ್ಚುಗಳು ಕಾಣುತ್ತವೆ. ಮಣ್ಣೆಂಬುದು ಬಿರುಕುಗಳಲ್ಲಿ ಮಾತ್ರ. ಆ ಬಿರುಕಿನೊಳಗೆ ಇಣುಕಿದರೆ ಆಲ್ಪ್ಸ್ ಪರ್ವತದ ನೀಲಿ ಜೆನ್ಷಿಯನ್ ಹೂವೂ ಮೆಡಿಟರೇನಿಯನ್ ಕಡೆಯ ಆರ್ಕಿಡ್ಡೂ ಅಕ್ಕಪಕ್ಕದಲ್ಲೇ ಅರಳಿರುತ್ತವೆ. ಈ ವಿಚಿತ್ರಕ್ಕೆ ದನಗಳೂ ಕಾರಣ. ಎಲ್ಲೆಡೆ ಬೇಸಗೆಯಲ್ಲಿ ದನ ಬೆಟ್ಟ ಹತ್ತಿದರೆ ಇಲ್ಲಿ ಚಳಿಗಾಲದಲ್ಲಿ ಹತ್ತಿಸುತ್ತಾರೆ. ಸುಣ್ಣಕಲ್ಲು ಬೇಸಗೆಯ ಕಾವನ್ನು ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ, ನೀರು ನಿಲ್ಲುವುದಿಲ್ಲ. ಚಳಿಗಾಲದಲ್ಲಿ ದನ ಒರಟು ಹುಲ್ಲನ್ನು ಮೇಯ್ದು ಇಳಿದುಹೋದರೆ ವಸಂತದಲ್ಲಿ ಹೂವಿಗೆ ಬಿಸಿಲೂ ಜಾಗವೂ ಸಿಗುತ್ತದೆ. ದನ ಹೊಡೆಯುವುದು ನಿಂತ ಕಡೆ ಪೊದೆ ಬೆಳೆದು ಹೂ ಹೋಯಿತು. ಕಾಡಿಗೆ ಬಿಟ್ಟ ಸ್ಥಳವೆಂದು ನಾನು ತಿಳಿದದ್ದು ರೈತರು ಕಾಪಾಡಿಕೊಂಡು ಬಂದ ಸ್ಥಳ.

ಕಡಲಾಚೆಯ ಆರನ್ ದ್ವೀಪಗಳಲ್ಲಿ ಇದೇ ಕಥೆಯ ಮುಂದಿನ ಭಾಗವಿದೆ. ಡೂಲಿನ್‌ನಿಂದಲೂ ಗಾಲ್ವೇ ಕಡೆಯ ರಾಸವೀಲ್‌ನಿಂದಲೂ ಲಾಂಚ್ ಹೋಗುತ್ತದೆ. ಇನಿಶ್‌ಮೋರ್ ದ್ವೀಪದಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಡೂನ್ ಏಂಗಸ್ ಎಂಬ ಕೋಟೆಯವರೆಗೆ ಹೋಗಬಹುದು. ಅರ್ಧಚಂದ್ರಾಕಾರದ ಮೂರ್ನಾಲ್ಕು ಸುತ್ತಿನ ಕಲ್ಲುಗೋಡೆ. ಇನ್ನೊಂದು ಬದಿಗೆ ಗೋಡೆಯೇ ಇಲ್ಲ, ನೇರ ಕಡಲಿಗೆ ಬಿದ್ದ ಪ್ರಪಾತ. ತಡೆಬೇಲಿಯೂ ಇಲ್ಲ. ಅಂಚಿನ ಹತ್ತಿರ ಜನ ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಹೋಗಿ ಕೆಳಗೆ ನೋಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಗಿಂತ ಹೊಲದ ಗೋಡೆಗಳು. ಒಂದೊಂದು ತುಂಡು ಹೊಲ ನಮ್ಮೂರಿನ ಕಣದಷ್ಟು, ಸುತ್ತಲೂ ಗಾರೆಯಿಲ್ಲದ ಕಲ್ಲುಗೋಡೆ. ಬರಿ ಬಂಡೆಯ ಮೇಲಿನ ಕಲ್ಲನ್ನು ಆರಿಸಿ ಗೋಡೆ ಕಟ್ಟಿದರು, ತೆರವಾದ ಜಾಗಕ್ಕೆ ಕಡಲಿನಿಂದ ಮರಳು, ಪಾಚಿ ಹೊತ್ತು ತಂದು ಪದರ ಪದರ ಹಾಸಿ ಮಣ್ಣು ಮಾಡಿದರು. ಗೋಡೆಯಲ್ಲಿ ಸಂದು ಬಿಟ್ಟೇ ಕಟ್ಟುತ್ತಾರೆ. ಆಚೆಯ ಬೆಳಕು ಕಾಣಬೇಕು. ಬಿಗಿಯಾಗಿ ಕಟ್ಟಿದ ಗೋಡೆಯನ್ನು ಅಟ್ಲಾಂಟಿಕ್ ಗಾಳಿ ಕೆಡವುತ್ತದೆ, ಸಂದಿದ್ದ ಗೋಡೆಯೊಳಗೆ ಗಾಳಿ ತೂರಿಕೊಂಡು ಹೋಗುತ್ತದೆ. ಗೇಟು ಹುಡುಕಿದರೆ ಬಹಳಷ್ಟು ಹೊಲಕ್ಕೆ ಗೇಟೇ ಇಲ್ಲ. ನಾವು ನೋಡುತ್ತ ನಿಂತಿದ್ದಾಗ ಒಬ್ಬರು ಗೋಡೆಯ ಒಂದು ಕಡೆಯ ಕಲ್ಲುಗಳನ್ನು ಒಂದೊಂದೇ ಕಿತ್ತು ನೆಲಕ್ಕಿಟ್ಟರು, ಹಸುವನ್ನು ಒಳಗೆ ಬಿಟ್ಟರು, ಅವೇ ಕಲ್ಲುಗಳನ್ನು ಮತ್ತೆ ಜೋಡಿಸಿದರು. ಯಾವ ಕಲ್ಲು ಎಲ್ಲಿಯದೆಂದು ಅವರ ಕೈ ಒಮ್ಮೆಯೂ ಯೋಚಿಸಲಿಲ್ಲ. ಮರದ ಗೇಟು ಮಾಡಿಸೋಣವೆಂದರೆ ದ್ವೀಪದಲ್ಲಿ ಮರವೆಲ್ಲಿದೆ?

ಎರಡು ಭಾಷೆಯ ಬೋರ್ಡುಗಳು

ಗಾಲ್ವೇ ಊರಿನಿಂದ ವಾಯವ್ಯಕ್ಕೆ ತಿರುಗಿದರೆ ಕನೆಮಾರಾ. ಬೋಳು ಬೆಟ್ಟ, ಕಪ್ಪು ಕೆರೆ, ನಡುವೆ ಜೌಗು. ಕ್ರಿಕೆಟ್ಟಿನ ರಣಜಿತ್‌ಸಿಂಗ್‌ಜಿ ಮೀನು ಹಿಡಿಯುವ ಹುಚ್ಚಿಗೆ ಬಿದ್ದು 1920ರ ದಶಕದಲ್ಲಿ ಇಲ್ಲಿನ ಬ್ಯಾಲಿನಹಿಂಚ್ ಬಂಗಲೆಯನ್ನೇ ಕೊಂಡಿದ್ದರು. ಈಗ ಅದು ಹೋಟೆಲು.

ಜೌಗಿನ ಕಪ್ಪು ಮಣ್ಣು ಮಣ್ಣಲ್ಲ. ಸಾವಿರಾರು ವರ್ಷ ಪಾಚಿ, ಹುಲ್ಲು ಕೊಳೆಯಲಾರದೆ ನೀರಿನಲ್ಲಿ ಒತ್ತಾಗಿ ಕೂತದ್ದು, ಪೀಟ್. ಊರಿನವರು ಕರೆಯುವುದು ಟರ್ಫ್ ಎಂದು. ಬೇಸಗೆಯಲ್ಲಿ ಇಟ್ಟಿಗೆಯಂತೆ ಕತ್ತರಿಸಿ, ಗಾಳಿಗೆ ಒಣಗಿಸಿ, ಚಳಿಗಾಲಕ್ಕೆ ಒಲೆಗೆ ಹಾಕುತ್ತಾರೆ. ಮಂಕು ಕೆಂಡ, ಸಿಹಿ ಕಮಟು ಹೊಗೆ. ಜೌಗು ಇಂಗಾಲವನ್ನು ಹಿಡಿದಿಟ್ಟುಕೊಳ್ಳುವ ಭಂಡಾರವೆಂದು ತಿಳಿದಮೇಲೆ ಸರ್ಕಾರಿ ಕಂಪನಿ ಬೋರ್ಡ್ ನ ಮೋನಾ 2021ರಲ್ಲಿ ಪೀಟ್ ತೆಗೆಯುವುದನ್ನು ನಿಲ್ಲಿಸಿತು. ಸ್ವಂತ ಮನೆಗೆ ಕತ್ತರಿಸಿಕೊಳ್ಳುವವರ ಜೊತೆಗಿನ ವಾದ ಇನ್ನೂ ಮುಗಿದಿಲ್ಲ.

ದಾರಿಯ ಬೋರ್ಡುಗಳು ಇಲ್ಲಿಯವರೆಗೆ ಎರಡು ಭಾಷೆಯಲ್ಲಿದ್ದವು, ಮೇಲೆ ಓರೆ ಅಕ್ಷರದಲ್ಲಿ ಐರಿಷ್, ಕೆಳಗೆ ದಪ್ಪಕ್ಷರದಲ್ಲಿ ಇಂಗ್ಲಿಷ್. ಕನೆಮಾರಾದ ಗೇಲ್‌ಟಾಕ್ಟ್ ಪ್ರದೇಶ, ಅಂದರೆ ಐರಿಷ್ ಮಾತಾಡುವ ಸೀಮೆ, ಬಂದೊಡನೆ ಇಂಗ್ಲಿಷ್ ಮಾಯವಾಗುತ್ತದೆ. 1937ರ ಸಂವಿಧಾನದ ಪ್ರಕಾರ ದೇಶದ ಮೊದಲ ಅಧಿಕೃತ ಭಾಷೆ ಐರಿಷ್. 2022ರ ಜನಗಣತಿಯಲ್ಲಿ ತಮಗೆ ಐರಿಷ್ ಬರುತ್ತದೆಂದವರು 18 ಲಕ್ಷಕ್ಕೂ ಹೆಚ್ಚು. ಆದರೆ ಶಾಲೆಯ ಹೊರಗೆ ದಿನವೂ ಮಾತಾಡುವವರು 72 ಸಾವಿರ ಮಾತ್ರ. ಮಕ್ಕಳೆಲ್ಲ ಶಾಲೆಯಲ್ಲಿ ವರ್ಷಾನುಗಟ್ಟಲೆ ಕಲಿಯುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಅಂಗಡಿಗೆ ಹೋದಾಗ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ಮೊಮ್ಮಕ್ಕಳಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡಿಗರಿಗೆ ಇಲ್ಲೊಂದು ಋಣವೂ ನೆನಪಾಗಬೇಕು. ಕುವೆಂಪು ಮೊದಲು ಬರೆದದ್ದು ಇಂಗ್ಲಿಷ್ ಕವಿತೆಗಳನ್ನು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಅವನ್ನು ತೋರಿಸಿದಾಗ, ಇದೆಲ್ಲ ಏಕೆ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಅರ್ಥದ ಮಾತು ಬಂತು. ಕಸಿನ್ಸ್ ಬೆಲ್‌ಫಾಸ್ಟಿನಲ್ಲಿ ಹುಟ್ಟಿದವರು, ತಮ್ಮ ಕಾವ್ಯವನ್ನು ಇಂಗ್ಲಿಷಿನಲ್ಲಿ ಬರೆದವರು. ಅವರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಹುಟ್ಟಿದ್ದು ಇದೇ ಪಶ್ಚಿಮ ಭಾಗದ ಬಾಯ್ಲ್ ಊರಿನಲ್ಲಿ. 1919ರಲ್ಲಿ ಮದನಪಲ್ಲಿಯಲ್ಲಿ ‘ಜನಗಣಮನ’ದ ರಾಗಕ್ಕೆ ಸ್ವರಲಿಪಿ ಬರೆದುಕೊಂಡವರು ಅವರು. ಮೈಸೂರಿನಲ್ಲಿ ಜೇಮ್ಸ್ ಕಸಿನ್ಸ್ ಆಡಿದ ಮಾತಿನ ತೂಕ ನನಗೆ ಅರ್ಥವಾದದ್ದು ಕನೆಮಾರಾದ ಬೋರ್ಡುಗಳ ಕೆಳಗೆ ನಿಂತಾಗ. ಭಾಷೆ ಕೈಬಿಟ್ಟ ನಾಡಿನಿಂದ ಬಂದವರ ಬಾಯಲ್ಲಿ ಅದು ಬರಿ ಉಪದೇಶವಾಗಿರಲಾರದು.

ಭಾಷೆ ಕೈಬಿಟ್ಟದ್ದು ಹೇಗೆ ಎಂದು ಕೇಳಿದರೆ ಎಲ್ಲರೂ ತೋರಿಸುವುದು ಮತ್ತೆ ಅದೇ ಏರುಮಡಿಗಳನ್ನು. 1845ರಿಂದಾಚೆ ಆಲೂಗೆಡ್ಡೆ ಬೆಳೆ ಹೋಗಿ ಕ್ಷಾಮ ಬಿತ್ತು. ಐರಿಷ್ ಆಡುವ ಬಡವರು ಹೆಚ್ಚಾಗಿದ್ದ ಪಶ್ಚಿಮದಲ್ಲೇ ಅದಕ್ಕೆ ಹೆಚ್ಚು ಜನ ಸತ್ತದ್ದು, ಹೆಚ್ಚು ಜನ ಹಡಗು ಹತ್ತಿದ್ದು. ಉಳಿದವರು ಮಕ್ಕಳಿಗೆ ಅಮೆರಿಕದಲ್ಲಿ ಅನ್ನ ಕೊಡುವ ಭಾಷೆಯನ್ನೇ ಕಲಿಸಿದರು.

ಅಂಗಮಾರಿ

ಮೇಯೋದಲ್ಲಿ ನಾವು ಇಳಿದುಕೊಂಡಿದ್ದು ಒಂದು ಮನೆಯ ಮಹಡಿಯಲ್ಲಿ. ಬಿ ಅಂಡ್ ಬಿ ಅನ್ನುತ್ತಾರೆ, ರಾತ್ರಿ ಹಾಸಿಗೆ, ಬೆಳಗ್ಗೆ ತಿಂಡಿ. ಅಡುಗೆಮನೆಯ ರೇಡಿಯೋದಲ್ಲಿ ಹವಾಮಾನ ವರದಿ ಬರುತ್ತಿತ್ತು. ಮನೆಯಾಕೆ ಪಾತ್ರೆ ಒರೆಸುತ್ತಿದ್ದವರು ಬೆರಳೆತ್ತಿ ನಮ್ಮನ್ನು ಸುಮ್ಮನಿರಿಸಿದರು. ಹವಾಮಾನ ಇಲಾಖೆ ಮೆಟ್ ಏರನ್ ಆಲೂಗೆಡ್ಡೆಗೆ ಅಂಗಮಾರಿ ತಗಲುವ ಮುನ್ನೆಚ್ಚರಿಕೆ ಕೊಡುತ್ತಿತ್ತು. ನನಗೆ ಆಶ್ಚರ್ಯವಾಯಿತು.

“ಇವತ್ತಿಗೂ ರೇಡಿಯೋದಲ್ಲಿ ಹೇಳುತ್ತಾರಾ?”

“ಹೇಳದೆ? ನಮ್ಮವರು ನಾಳೆ ಔಷಧಿ ಹೊಡೀಬೇಕು. ನಿಮ್ಮ ಊರಲ್ಲೂ ಇದು ಬರುತ್ತಾ?”

ಬರುತ್ತದೆ. ಹಾಸನದ ರೈತರಿಗೆ ಅದರ ಪರಿಚಯ ಚೆನ್ನಾಗಿದೆ. ಎಲೆಯ ಅಂಚಿನಲ್ಲಿ ನೀರು ಹತ್ತಿದಂಥ ಕಂದು ಚುಕ್ಕೆ, ಎಲೆ ಮಗುಚಿದರೆ ಚುಕ್ಕೆಯ ಸುತ್ತ ಬಿಳಿ ಬೂಷ್ಟು, ಎರಡು ಮೂರು ದಿನದಲ್ಲಿ ಬಿಸಿನೀರು ಎರಚಿದ ಹಾಗೆ ಇಡೀ ತಾಕು ಕಪ್ಪು. ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಎಂಬ ಶಿಲೀಂಧ್ರದಂಥ ಜೀವಿ ಇದಕ್ಕೆ ಕಾರಣ. ತಂಪು ಹವೆ, ಬಿಡದ ಜಿನುಗು, ಒದ್ದೆ ಎಲೆ ಸಿಕ್ಕರೆ ಗಾಳಿಯಲ್ಲಿ ಹೊಲದಿಂದ ಹೊಲಕ್ಕೆ ಹಾರುತ್ತದೆ. ಅಡಿಕೆಗೆ ಕೊಳೆರೋಗ ತರುವುದೂ ಇದರ ದಾಯಾದಿಯೇ. ನಾವು ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1880ರ ದಶಕದಲ್ಲಿ. ಐರ್ಲೆಂಡಿನ ಪಾಲಿಗೆ ಅದು ನಲವತ್ತು ವರ್ಷ ತಡವಾಗಿತ್ತು.

ರೋಗ ಬಂದದ್ದು 1845ರಲ್ಲಿ. ಆ ವರ್ಷ ಬೆಳೆಯ ಮೂರರಲ್ಲೊಂದು ಪಾಲಿಗೂ ಹೆಚ್ಚು ಹೋಯಿತು, ಮರುವರ್ಷ ಹೆಚ್ಚುಕಡಿಮೆ ಎಲ್ಲವೂ. ಬೆಳೆ ಕೆಟ್ಟರೆ ದೇಶವೇಕೆ ಸಾಯಬೇಕು? ಅದಕ್ಕೆ ಉತ್ತರ ಜೀವಶಾಸ್ತ್ರದಲ್ಲಿಲ್ಲ. ಜಮೀನೆಲ್ಲ ಜಮೀನ್ದಾರರದ್ದು, ಅನೇಕರು ಇಂಗ್ಲೆಂಡಿನಲ್ಲೇ ಕೂತವರು. ಗೇಣಿದಾರ ಗೋಧಿ, ಓಟ್ಸ್, ಹಂದಿ ಮಾರಿ ಗೇಣಿ ಕಟ್ಟಬೇಕು; ಉಳಿದ ತುಂಡು ನೆಲದಲ್ಲಿ ಸಂಸಾರದ ಹೊಟ್ಟೆ ತುಂಬಬೇಕು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಹೊಟ್ಟೆ ತುಂಬುವ ಬೆಳೆ ಆಲೂಗೆಡ್ಡೆಯೊಂದೇ. ದುಡಿಯುವ ಗಂಡಸು ದಿನಕ್ಕೆ ಐದಾರು ಕೆ.ಜಿ. ತಿನ್ನುತ್ತಿದ್ದ. ಸುಮಾರು ಮೂವತ್ತು ಲಕ್ಷ ಜನಕ್ಕೆ ಅದು ಬಿಟ್ಟರೆ ಬೇರೆ ಊಟವಿರಲಿಲ್ಲ. ಹೆಚ್ಚಿನವರು ಇಟ್ಟದ್ದು ಲಂಪರ್ ಎಂಬ ಒಂದೇ ತಳಿ, ಗೆಡ್ಡೆಯಿಂದ ಗೆಡ್ಡೆ ಬೆಳೆಸಿದ್ದರಿಂದ ಎಲ್ಲ ಗಿಡವೂ ಒಂದೇ ಗಿಡದ ಪಡಿಯಚ್ಚು. ಒಂದಕ್ಕೆ ಬಿದ್ದ ರೋಗ ಎಲ್ಲಕ್ಕೂ ಬಿತ್ತು. ಆ ವರ್ಷಗಳಲ್ಲೂ ಧಾನ್ಯ, ದನ, ಬೆಣ್ಣೆ ಬಂದರುಗಳಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

1847ರಲ್ಲಿ ಸರ್ಕಾರ ಸೂಪಿನ ಗಂಜಿಕೇಂದ್ರ ತೆರೆದು ಒಂದು ಹಂತದಲ್ಲಿ ದಿನಕ್ಕೆ ಮೂವತ್ತು ಲಕ್ಷ ಜನಕ್ಕೆ ಬಡಿಸಿತು. ಹಸಿವು ನೀಗಿಸಲು ಸಾಧ್ಯವೆಂದು ತೋರಿಸಿ, ತಿಂಗಳುಗಳಲ್ಲೇ ಮುಚ್ಚಿತು. ಅದೇ ವರ್ಷದ ಇನ್ನೊಂದು ಕಾನೂನು: ಕಾಲು ಎಕರೆಗಿಂತ ಹೆಚ್ಚು ನೆಲ ಇಟ್ಟುಕೊಂಡವರಿಗೆ ನೆರವಿಲ್ಲ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಗಂಜಿ ಬೇಕೆಂದರೆ ಹೊಲ ಬಿಡಬೇಕು, ಹೊಲ ಬಿಟ್ಟರೆ ಮನೆಯೂ ಹೋಗುತ್ತದೆ. ಜಮೀನ್ದಾರರು ಖಾಲಿಯಾದ ಮನೆಗಳ ಸೂರು ಕಿತ್ತು, ಹತ್ತಾರು ಹೊಲ ಒಂದುಮಾಡಿ ಹುಲ್ಲು ಬಿಟ್ಟು, ದನ ಕುರಿ ಕಟ್ಟಿದರು. ಹತ್ತು ಲಕ್ಷದಷ್ಟು ಜನ ಹಸಿವು ಜ್ವರದಿಂದ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಲಂಡನ್ನಿನ ಖಜಾನೆಯಲ್ಲಿ ಕೂತು ನೆರವಿನ ಹಿಡಿತ ಬಿಗಿ ಮಾಡಿದ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. ಆಗ ಬಳ್ಳಾರಿ, ಮಂಗಳೂರು ಎಲ್ಲ ಮದ್ರಾಸಿಗೆ ಸೇರಿದ್ದವು.

ಹಾಗಾಗಿ ಐರ್ಲೆಂಡಿನ ಆ ಪ್ರಸಿದ್ಧ ಹಸಿರು ಪೂರ್ತಿಯಾಗಿ ಪ್ರಕೃತಿ ಕೊಟ್ಟದ್ದಲ್ಲ. ಕಾಡು ಕಡಿದು ಕಡಿದು ಇಪ್ಪತ್ತನೆಯ ಶತಮಾನದ ಹೊತ್ತಿಗೆ ಶೇಕಡಾ ಒಂದರ ಆಸುಪಾಸಿಗೆ ಬಂದಿತ್ತು, ಈಗ ನೆಟ್ಟು ನೆಟ್ಟು ಶೇಕಡಾ ಹನ್ನೊಂದು ದಾಟಿದೆ. ಉಳಿದದ್ದು ಬಹುಪಾಲು ಹುಲ್ಲು. ಆ ಹುಲ್ಲಿನ ಎಷ್ಟೋ ಭಾಗದ ಕೆಳಗೆ ಯಾರದೋ ಮಡಿಯಿದೆ.

ಇದನ್ನು ಕಾಣಬೇಕೆಂದರೆ ಮೇಯೋದಲ್ಲಿ ಎರಡು ಜಾಗವಿದೆ. ಮೊದಲನೆಯದು ಡೂಲಾಖ್ ಕಣಿವೆ. 1849ರ ಮಾರ್ಚ್ ಕೊನೆಯಲ್ಲಿ ಲೂಯಿಸ್‌ಬರ್ಗ್‌ನ ನೂರಾರು ಹಸಿದವರಿಗೆ, ನೆರವು ಬೇಕಾದರೆ ಹತ್ತೊಂಬತ್ತು ಕಿಲೋಮೀಟರ್ ದೂರದ ಡೆಲ್ಫಿ ಬಂಗಲೆಗೆ ಬಂದು ತಪಾಸಣೆ ಮಾಡಿಸಿಕೊಳ್ಳಿ ಎಂದು ಅಪ್ಪಣೆಯಾಯಿತು. ಚಳಿಯಲ್ಲಿ ನಡೆದು ಹೋದವರಲ್ಲಿ ಅನೇಕರು ದಾರಿಯಲ್ಲೇ ಬಿದ್ದು ಸತ್ತರು. ಈಗಲೂ ಪ್ರತಿವರ್ಷ ಜನ ಆ ದಾರಿ ನಡೆಯುತ್ತಾರೆ. ಕೆರೆಯ ಪಕ್ಕದ ಸ್ಮಾರಕದ ಮೇಲೆ ಗಾಂಧೀಜಿಯ ಮಾತೊಂದನ್ನು ಕೆತ್ತಿದ್ದಾರೆ, ಮನುಷ್ಯ ಮನುಷ್ಯನನ್ನು ಹೀನಾಯ ಮಾಡುವುದರ ಬಗ್ಗೆ. ನಮ್ಮ ಯಜಮಾನರು ಚಪ್ಪಲಿ ಬಿಟ್ಟು ನಿಂತರು, ಅವರಿಗದು ಅಭ್ಯಾಸ. ಎರಡನೆಯದು ಮರಿಸ್ಕ್, ಕ್ರೋ ಪ್ಯಾಟ್ರಿಕ್ ಬೆಟ್ಟದ ಬುಡ. ಜುಲೈ ಕೊನೆಯ ಭಾನುವಾರ ಸಾವಿರಾರು ಭಕ್ತರು, ಕೆಲವರು ಬರಿಗಾಲಲ್ಲಿ, ಈ ಬೆಟ್ಟ ಹತ್ತುತ್ತಾರೆ. ಬುಡದಲ್ಲಿ ಜಾನ್ ಬೀಹನ್ ಮಾಡಿದ ಕಂಚಿನ ಹಡಗಿದೆ. ದೂರದಿಂದ ಹಡಗಿನ ಹಗ್ಗಗಳಂತೆ ಕಂಡದ್ದು ಹತ್ತಿರ ಹೋದರೆ ಅಸ್ಥಿಪಂಜರಗಳು.

ಸಂಜೆಯ ಪಾಠ

ಇಷ್ಟೆಲ್ಲ ಕೇಳಿ ಐರಿಷ್ ಜನ ಮುಖ ಇಳಿಬಿಟ್ಟುಕೊಂಡಿರುತ್ತಾರೆ ಎಂದುಕೊಳ್ಳಬೇಡಿ. ಅವರಷ್ಟು ಮಾತುಗಾರರನ್ನು ನಾನು ಕಂಡಿಲ್ಲ. ದಾರಿ ಕೇಳಿದರೆ ದಾರಿಯ ಜೊತೆಗೆ ಆ ದಾರಿಯಲ್ಲಿ ಮನೆ ಕಟ್ಟಿದವನ ವ್ಯಾಜ್ಯವನ್ನೂ ಹೇಳುತ್ತಾರೆ.

ಸಂಜೆಯಾದರೆ ಪಬ್ಬಿಗೆ ಹೋಗಬೇಕು. ಕುಡಿಯದವರು ಟೀ ಕೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಗಟ್ಟಿ ಹಾಲಿನ ಟೀ ಕುಡಿಯುವುದರಲ್ಲಿ ಅವರು ನಮ್ಮನ್ನೂ ಮೀರಿಸುತ್ತಾರೆ. ವೆಸ್ಟ್‌ಪೋರ್ಟ್, ಡೂಲಿನ್, ಎನಿಸ್ ಊರುಗಳಲ್ಲಿ ಸಂಗೀತವಿಲ್ಲದ ಸಂಜೆ ಅಪರೂಪ. ವೇದಿಕೆಯಿಲ್ಲ, ಮೈಕಿಲ್ಲ. ಮೂಲೆಯ ಮೇಜಿನ ಸುತ್ತ ನಾಲ್ಕೈದು ಜನ, ಪಿಟೀಲು, ತಗಡಿನ ಕೊಳಲು, ಮೊಣಕೈಯಿಂದ ಗಾಳಿ ಒತ್ತುವ ಇಲಿನ್ ಪೈಪು, ಮೇಕೆ ಚರ್ಮದ ಬೋರಾನ್ ತಮಟೆ. ಒಬ್ಬರು ಒಂದು ಮಟ್ಟು ಎತ್ತಿದರೆ ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ಪುಸ್ತಕ ನೋಡುವವರಿಲ್ಲ. ನಾನು ನೋಡುತ್ತಿದ್ದ ಮೇಜಿಗೆ ಹನ್ನೆರಡರ ಹುಡುಗಿಯೊಬ್ಬಳು ಕೊಳಲು ಹಿಡಿದು ಬಂದಳು. ಹಿರಿಯರೊಬ್ಬರು ಸರಿದು ಜಾಗ ಮಾಡಿಕೊಟ್ಟು, ಮುಂದಿನ ಮಟ್ಟನ್ನು ಸ್ವಲ್ಪ ನಿಧಾನಕ್ಕೆ ಎತ್ತಿದರು. ಉಳಿದವರೂ ತಾವಾಗಿ ನಿಧಾನವಾದರು. ಯಾರೂ ಏನೂ ಹೇಳಲಿಲ್ಲ. ಪಾಠ ಅಲ್ಲಿಗೆ ಮುಗಿಯಿತು.

ಭಾನುವಾರವಾದರೆ ಹರ್ಲಿಂಗ್ ಪಂದ್ಯ ಹುಡುಕಿಕೊಂಡು ಹೋಗಿ. ಒಂದೊಂದು ಕಡೆ ಹದಿನೈದು ಜನ, ಕೈಯಲ್ಲಿ ಆ್ಯಶ್ ಮರದ ಅಗಲ ಬ್ಯಾಟು. ಚೆಂಡು ಗೋಲಿನ ಬಲೆಗೆ ಬಿದ್ದರೆ ಮೂರು ಅಂಕ, ಅಡ್ಡಕಂಬದ ಮೇಲಿನಿಂದ ಹೋದರೆ ಒಂದು. ಚೆಂಡು ಕಣ್ಣಿಗೆ ಕಾಣುವ ಮೊದಲೇ ಆಟ ಇನ್ನೊಂದು ತುದಿಯಲ್ಲಿರುತ್ತದೆ. 1884ರಲ್ಲಿ ಹುಟ್ಟಿದ ಸಂಸ್ಥೆ ಜಿಎಎ ಇದನ್ನು ನಡೆಸುತ್ತದೆ. ಡ‌ಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನರ ಮುಂದೆ ಫೈನಲ್ ಆಡುವವರಿಗೂ ಸಂಬಳವಿಲ್ಲ. ಮರುದಿನ ಅವರು ಶಾಲೆಗೋ ಬ್ಯಾಂಕಿಗೋ ಹಾಲು ಕರೆಯುವುದಕ್ಕೋ ಹೋಗಬೇಕು. ಹೆಚ್ಚಿನವರು ತಮ್ಮ ಸೀಮೆಗೇ ಆಡುತ್ತಾರೆ, ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ಪದ್ಧತಿಯಿಲ್ಲ.

ಊಟದ ಚಿಂತೆ ಮಾಡುವವರಿಗೆ: ನಮ್ಮ ಯಜಮಾನರು ಮಾಂಸ ಮುಟ್ಟದವರು, ಆದರೂ ಉಪವಾಸ ಬೀಳಲಿಲ್ಲ. ಈಸ್ಟಿನ ಬದಲು ಸೋಡಾ ಪುಡಿ, ಮಜ್ಜಿಗೆ ಹಾಕಿ ಸುಡುವ ಕಂದು ಬ್ರೆಡ್ಡು ಎಲ್ಲೆಡೆ ಸಿಗುತ್ತದೆ. ಅಲ್ಲಿನ ಗೋಧಿಯಲ್ಲಿ ಅಂಟು ಕಡಿಮೆ, ಈಸ್ಟಿಗೆ ಸರಿಯಾಗಿ ಉಬ್ಬುವುದಿಲ್ಲ, ಸೋಡಾ ಒಪ್ಪುತ್ತದೆ. ಅದರ ಮೇಲೆ ಹುಲ್ಲು ಮೇಯ್ದ ಹಸುವಿನ ಅರಿಸಿನ ಬಣ್ಣದ ಬೆಣ್ಣೆ. ಬಿಸಿ ತರಕಾರಿ ಸೂಪು. ಆಲೂಗೆಡ್ಡೆ, ಎಲೆಕೋಸು ಸೇರಿಸಿ ಹಿಸುಕಿದ ಕಾಲ್‌ಕ್ಯಾನನ್. ಖಾರದ ಪುಡಿ ಮಾತ್ರ ಕೈಚೀಲದಲ್ಲಿರಲಿ.

ಹೋಗುವವರಿಗೆ

ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲ, ಯೂರೋಪಿನ ವೀಸಾ ನಡೆಯುವುದಿಲ್ಲ. ಬೇರೆಯೇ ವೀಸಾ ಬೇಕು. ಭಾರತೀಯರಿಗೆ ಬ್ರಿಟನ್, ಐರ್ಲೆಂಡ್ ಎರಡಕ್ಕೂ ಒಂದೇ ವೀಸಾ ಒದಗಿಸುವ ಯೋಜನೆಯೂ ಇದೆ, ಅರ್ಜಿ ಹಾಕುವ ಮೊದಲು ವಿಚಾರಿಸಿ. ದುಡ್ಡು ಯೂರೋ, ಉತ್ತರ ಐರ್ಲೆಂಡಿನಲ್ಲಿ ಪೌಂಡ್. ನಮ್ಮಂತೆಯೇ ರಸ್ತೆಯ ಎಡಬದಿ, ಹಾಗಾಗಿ ಕಾರು ಓಡಿಸುವುದು ಕಷ್ಟವಲ್ಲ. ಹಳ್ಳಿ ರಸ್ತೆಯ ಅಗಲ ಮಾತ್ರ ನಮ್ಮ ತೋಟದ ದಾರಿಯಷ್ಟೇ. ಎದುರು ಬಂದವರು ಸ್ಟೀರಿಂಗಿನಿಂದ ಒಂದು ಬೆರಳೆತ್ತುತ್ತಾರೆ, ನೀವೂ ಎತ್ತಬೇಕು. ಮೇ, ಜೂನ್ ಒಳ್ಳೆಯ ಕಾಲ, ರಾತ್ರಿ ಹತ್ತರವರೆಗೂ ಬೆಳಕು. ಮಳೆ ಯಾವಾಗಲೂ ಇದ್ದದ್ದೇ. ಆದರೆ ಪಶ್ಚಿಮದ ಬಯಲಿನಲ್ಲಿ ವರ್ಷಕ್ಕೆ ಬೀಳುವುದು ಸಾವಿರದಿಂದ ಸಾವಿರದ ನಾನೂರು ಮಿಲಿಮೀಟರ್. ಇನ್ನೂರಕ್ಕೂ ಹೆಚ್ಚು ದಿನಕ್ಕೆ ಹಂಚಿಕೊಂಡು ಜಿನುಗುವ ಅದನ್ನು ಸಕಲೇಶಪುರದವರು ಮಳೆ ಎಂದು ಒಪ್ಪಲಾರರು. ಕೊಡೆ ಬೇಡ, ಗಾಳಿಗೆ ಮುರಿಯುತ್ತದೆ. ಟೋಪಿಯಿರುವ ಮಳೆಯಂಗಿ ಸಾಕು.

ಟ್ರಾವೆಲ್ಸ್‌ನವರ ಪಟ್ಟಿಯಲ್ಲಿ ಡಬ್ಲಿನ್, ಮೋಹರ್, ಕೆರಿ ಸುತ್ತು, ಒಂದು ಕೋಟೆ, ಒಂದು ಬಿಯರ್ ಕಾರ್ಖಾನೆ ಇರುತ್ತದೆ. ಅದರಲ್ಲಿ ಎರಡನ್ನು ಹೊಡೆದುಹಾಕಿ ಪಶ್ಚಿಮದ ಒಂದೇ ಹಳ್ಳಿಯಲ್ಲಿ ಉಳಿದುಕೊಳ್ಳಿ. ಐರ್ಲೆಂಡಿನ ಖಾಲಿತನ ಈಗ ನಿಧಾನಕ್ಕೆ ತುಂಬಿಕೊಳ್ಳುತ್ತಿದೆ. ಗಣರಾಜ್ಯದ ಜನಸಂಖ್ಯೆ 1851ರ ನಂತರ ಮೊದಲ ಬಾರಿ ಐವತ್ತು ಲಕ್ಷ ದಾಟಿದ್ದು 2021ರಲ್ಲಿ. ಹೊಸದಾಗಿ ಸೇರಿದವರಲ್ಲಿ ಕೇರಳದ ನರ್ಸುಗಳು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ನನ್ನ ಮಗಳಂಥವರು ಇದ್ದಾರೆ. ಮನೆಬಾಡಿಗೆ ಏರಿದ್ದಕ್ಕೆ ಬಂದವರನ್ನೇ ಬೈಯುವ ದನಿಯೂ ಡಬ್ಲಿನ್ನಿನಲ್ಲಿ ಏಳುತ್ತಿದೆ. ಅದರ ಬಗ್ಗೆ ಮೇಯೋದ ಮನೆಯಾಕೆಯನ್ನು ಕೇಳಿದೆ. ಅವರ ಅಜ್ಜನ ಒಡಹುಟ್ಟಿದವರೆಲ್ಲ ಅಮೆರಿಕಕ್ಕೆ ಹೋದವರಂತೆ. “ನಾವು ಹೋದ ಕಡೆಯಲ್ಲೂ ಹೀಗೇ ಬೈದರು,” ಅಂದರು, “ಬೈಸಿಕೊಂಡೇ ಅಲ್ಲಿ ಮನೆ ಕಟ್ಟಿದೆವು. ನಿಮ್ಮ ಮಗಳಿಗೂ ಹೇಳಿ, ಕಟ್ಟಲಿ.”